ಮುಳುಗಲಾರದ ಸೂರ್ಯನ ಚಿತ್ರ

ಸಮುದ್ರಕ್ಕೆ ಇನ್ನೂ ಯಾರೂ ಉಪ್ಪು ಹಾಕಿರದ ಕಾಲ. ಆಗ ಅಲೆಪುರ ಅಂತ ಒಂದು ರಾಜ್ಯ. ಅಲ್ಲಿ ಚಿತ್ರಶಾಲೆ ನಡೆಸ್ತಿದ್ದವನು ಕೆಂಡಮೀಸೆ ಅನ್ನೋ ಮಾಂತ್ರಿಕ. ಅವನಿಗೆ ಸಂಜೆಗಡಲಿನ ಚಿತ್ರ ಮಾತ್ರ ಬರ್ತಿರಲಿಲ್ಲ. ಬಣ್ಣ ಕಲಸೋದ್ರೊಳಗೆ ಸೂರ್ಯ ಮುಳುಗಿಬಿಡ್ತಿದ್ದ. ಸಿಟ್ಟು ನೆತ್ತಿಗೇರಿ, ಒಂದಿನ ಮಂತ್ರ ಹಾಕಿ ಸೂರ್ಯನನ್ನ ನೀರಿನಂಚಲ್ಲೇ ನಿಲ್ಲಿಸಿಬಿಟ್ಟ!

ರಾತ್ರಿಯೇ ಇಲ್ಲ. ಯಾರಿಗೂ ನಿದ್ದೆಯಿಲ್ಲ. ರಾಜ ಸಿಂಹಾಸನದ ಮೇಲೆ ಹೊರಳಾಡಿದ. ಮೀನುಗಳು ದಡಕ್ಕೆ ಬಂದು ಚಡಪಡಿಸ್ತಾ ಅಡ್ಡಾಡಿದ್ವು.

"ಈ ಸಂಜೆನ ಯಾರಾದ್ರೂ ನಿಜವಾಗಿ ಬರೆದ್ರೆ ಸೂರ್ಯನ್ನ ಬಿಡ್ತೀನಿ. ಮೂರು ಹಾಳೆ ಕೆಟ್ರೆ ಏಡಿ ಮಾಡ್ತೀನಿ" ಅಂದ ಕೆಂಡಮೀಸೆ. ಶಿಷ್ಯರೆಲ್ಲ ಏಡಿಗಳಾದ್ರು. ಅವರಲ್ಲಿ ಹೊನ್ನಾಜಿಯೂ ಒಬ್ಬಳು. ಅಕ್ಕನ್ನ ಬಿಡಿಸಬೇಕು ಅಂತ ತಂಗಿ ಚೆನ್ನಾಜಿ ಕುಂಚ ಹಿಡ್ಕೊಂಡು ಬಂದ್ಲು.

ಮೊದಲನೇ ಹಾಳೆ. ಕೆಂಪು ಆಕಾಶ ಒಣಗೋ ಮೊದಲೇ ನೀಲಿ ನೀರು ಬಳಿದಳು. ಎರಡೂ ಸೇರಿ ರಾಡಿಯಾಯ್ತು.

ಏಡಿ ಅಕ್ಕ ಕಾಲ್ಬೆರಳು ಚಿವುಟಿದ್ಲು. "ತಾಳ್ಮೆ ಇಲ್ವೇನೇ ನಿಂಗೆ?"

"ಅಡ್ಡಡ್ಡ ನಡೆಯೋಳು ನಂಗೆ ದಾರಿ ಹೇಳ್ಬೇಡ ಅಕ್ಕಾ!"

ಎರಡನೇ ಹಾಳೆ. ಈ ಸಲ ಒಣಗಲಿಕ್ಕೆ ಬಿಟ್ಟಳು. ಆದ್ರೆ ಸೂರ್ಯ ಹೊಳೀಲೇ ಇಲ್ಲ. ಹಳದಿ ಬಳಿದಳು, ಕೆಂಪು ಬಳಿದಳು. ಬೆಂದ ಕುಂಬಳಕಾಯಿ! ಉಜ್ಜಿ ಉಜ್ಜಿ ಹಾಳೆನೇ ತೂತಾಯ್ತು. ಅಷ್ಟರಲ್ಲಿ ಅವಳ ಎಡಗೈ ಬೆರಳು ಏಡಿ ಕೊಂಡಿಯಾಗಲಿಕ್ಕೆ ಶುರು. ಅಳ್ತಾ ಹಾಳೆ ಎತ್ತಿದಳು. ತೂತಿನಿಂದ ಬೆಳಕು ಧಗ್ಗಂತ ಕಣ್ಣಿಗೆ ಹೊಡೀತು.

"ಅಕ್ಕಾ! ಬೆಳಕನ್ನ ಬಳಿಯೋದಲ್ಲ ಕಣೇ, ಉಳಿಸೋದು!"

ಮೂರನೇ ಹಾಳೆ. ಆಕಾಶ ಬರೆದಳು, ಒಣಗಿಸಿದಳು. ನೀರು ಬರೆದಳು, ಕಪ್ಪು ಅಲೆ ಎಬ್ಬಿಸಿದಳು. ಸೂರ್ಯನ ಜಾಗದಲ್ಲಿ, ನೀರಿನ ಮೇಲೆ ಅವನ ಬೆಳಕಿನ ದಾರಿಯಲ್ಲಿ, ಕುಂಚ ತಾಗಿಸಲೇ ಇಲ್ಲ. ಬರೀ ಬಿಳಿ ಹಾಳೆ.

ಕೆಂಡಮೀಸೆ ಹೊಟ್ಟೆ ಹಿಡ್ಕೊಂಡು ನಕ್ಕ. "ಸೂರ್ಯ ಎಲ್ಲಮ್ಮಾ? ಮರೆತೇ ಹೋಯ್ತಾ?"

"ಜಾಗ ಬಿಟ್ಟಿದ್ದೀನಿ ಗುರುಗಳೇ. ಬರೋನು ಬರ್ಲಿ."

ನಿಂತು ನಿಂತು ಕಾಲು ಸೋತಿದ್ದ ಸೂರ್ಯ ಮಂತ್ರ ಕಿತ್ಕೊಂಡು ಹಾಳೆಗೆ ಹಾರಿದ. ಚಿತ್ರದೊಳಗೆ ಒಮ್ಮೆ ಧಗಧಗಿಸಿ, ನೀರಿಗೆ ಜಾರಿ ಮುಳುಗಿದ. ಕೆಂಡಮೀಸೆಯ ಮೀಸೆ ಚುಂಯ್ ಅಂತ ಆರಿತು, ಮಂತ್ರವೆಲ್ಲ ಹೊಗೆಯಾಗಿ ಹೋಯ್ತು. ಏಡಿಗಳೆಲ್ಲ ಮನುಷ್ಯರಾದ್ರು, ಚೆನ್ನಾಜಿ ಬೆರಳೂ ಸರಿಹೋಯ್ತು. ಕುಣಿಯೋಣ ಅಂತ ಎದ್ದವರು ಕತ್ತಲೆ ಕಂಡು, ಆಕಳಿಸಿ, ಮರಳಲ್ಲೇ ಉರುಳಿದ್ರು. ರಾಜನ ಗೊರಕೆಗೆ ಏಳು ಹಡಗು ದಿಕ್ಕು ತಪ್ಪಿದ್ವು.

ಹೊನ್ನಾಜಿ ತಂಗಿ ತೊಡೆ ಮೇಲೆ ತಲೆಯಿಟ್ಟಳು. "ಲೇ, ನಿನ್ನ ಚಿತ್ರದ ಮೋಡಕ್ಕೆ ನೀಲಿ ಜಾಸ್ತಿಯಾಯ್ತು."

"ಸುಮ್ನೆ ಮಲಗೇ ಅಕ್ಕಾ."

ಅಲೆಪುರ ಸುಖವಾಗಿ ಮಲಗಿತು.