ಸಂದೂಕಿಗೆ ತಂದ ತಗಡು

ನನ್ನ ಮದುವೆಯ ಸಂದೂಕಿಗೆಂದು ತಂದುಕೊಟ್ಟ ತಗಡನ್ನು, ಯಾರನ್ನೂ ಒಂದು ಮಾತು ಕೇಳದೆ ಪಟ್ಟಿಪಟ್ಟಿಯಾಗಿ ಕತ್ತರಿಸಿಟ್ಟವನ ಹೆಸರು ಶೇಕ್ಷಾವಲಿ. ಅವನನ್ನು ‘ಅವನು’ ಎಂದೇ ಬರೆಯುತ್ತೇನೆ. ಸಿಟ್ಟಿನಲ್ಲಿ ಬಹುವಚನ ಬರುವುದಿಲ್ಲ. ಆದದ್ದನ್ನು ಹೇಳುತ್ತೇನೆ, ನ್ಯಾಯ ನೀವೇ ಹೇಳಿ.

ಯುದ್ಧದ ಕಾಲ ಅದು. ಸೀಮೆಎಣ್ಣೆಯಿಂದ ಹಿಡಿದು ಮೊಳೆಯವರೆಗೆ ಎಲ್ಲದಕ್ಕೂ ಕಂಟ್ರೋಲು. ಒಂದು ಹಾಳೆ ತಗಡಿನ ಪರ್ಮಿಟ್ಟಿಗಾಗಿ ನಮ್ಮಪ್ಪ ಹಸನಸಾಬ್ ಮೂರು ತಿಂಗಳು ಆಫೀಸಿನ ಮೆಟ್ಟಿಲು ಸವೆಸಿದ್ದ. ಮಗಳನ್ನು ಸಿರುಗುಪ್ಪದ ಬಟ್ಟೆ ಅಂಗಡಿಯವರಿಗೆ ಕೊಡುವುದೆಂದರೆ ಸುಮ್ಮನೆಯೇ? ಬಟ್ಟೆಬರೆ ತುಂಬಿದ ಪೆಟ್ಟಿಗೆ, ಅದೇ ಸಂದೂಕು, ಜೊತೆಗೆ ಹೋಗಲೇಬೇಕು.

ಸಂದೂಕು ತರುವ ದಿನ ಅಪ್ಪನ ಜೊತೆ ನಾನೂ ಕುರುಗೋಡಿನಿಂದ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಬಳ್ಳಾರಿಗೆ ಬಂದೆ. ಕೌಲ್‌ಬಜಾರಿನಲ್ಲಿ ಶೇಕ್ಷಾವಲಿಯ ಅಂಗಡಿ ಎಂದರೆ ಒಂದು ಚಪ್ಪರ, ತಗಡು ಬಡಿಯುವ ಒಂದು ಅಡಿಗಲ್ಲು, ಸುತ್ತ ತೂತು ಬಿದ್ದ ಕೊಡಗಳು. ನಮ್ಮನ್ನು ಕಂಡವನೇ ಎದ್ದು, ಒಳಗಿನಿಂದ ಒಂದು ಬುಟ್ಟಿ ತಂದು ಅಪ್ಪನ ಮುಂದಿಟ್ಟ. ಅದರ ತುಂಬ ಗೇಣುದ್ದದ, ಎರಡು ಬೆರಳಗಲದ ತಗಡಿನ ಪಟ್ಟಿಗಳು.

“ಸಂದೂಕ ಎಲ್ಲೈತಲೇ?” ಎಂದ ಅಪ್ಪ.

“ಇದ ಚಾಚಾ, ಅದರ ತಗಡು.”

“ಏನಿದು?”

“ಗಿಡದ ಹೆಸರಿನ ಪಟ್ಟಿ. ನೆಲದಾಗ ಚುಚ್ಚಿ ನಿಲ್ಲಸೂದು. ಗೆದ್ದಲು ತಿನ್ನೂದಿಲ್ಲ.”

ನಮ್ಮಪ್ಪ ಒಂದೇ ಉಸಿರಿಗೆ ಅವನ ಅಪ್ಪ, ಅಜ್ಜ ಎಲ್ಲರನ್ನೂ ಬೈದ. “ಹಿರೇರನ್ನ ಕರಕೊಂಡು ಬರ್ತೀನಿ, ಇಲ್ಲೇ ಬಿದ್ದಿರು,” ಎಂದು ಬಜಾರಿನೊಳಗೆ ದಾಪುಗಾಲು ಹಾಕಿದ. ನಾನು ಬುಟ್ಟಿಯ ಪಕ್ಕ ನಿಂತೆ.

ಈ ಪಟ್ಟಿಗಳಿಗೆ ಬೀಜ ಬಿತ್ತಿದವಳು ನಾನೇ ಎಂದು ಒಪ್ಪುತ್ತೇನೆ. ನಮ್ಮ ತೋಟದಲ್ಲಿ ಅಂಜೂರ, ದಾಳಿಂಬೆ, ನಿಂಬೆ, ಗುಲಾಬಿಯ ಸಸಿ ಮಾಡಿ ಕೊಡುವ ಕೆಲಸ ನನ್ನದು. ಅಂಜೂರದ ಕಡ್ಡಿ ನೆಟ್ಟಾಗ ಎಲೆಯಿಲ್ಲ, ಕೆಂಪು ಹಣ್ಣಿನದೂ ಬಿಳಿ ಹಣ್ಣಿನದೂ ನೋಡಲು ಒಂದೇ. ನಾಲ್ಕನೇ ಕ್ಲಾಸು ಓದಿದವಳು, ಬಿದಿರಿನ ಸೀಳಿನ ಮೇಲೆ ಹೆಸರು ಬರೆದು ಚುಚ್ಚಿದ್ದೆ. ಒಂದು ಮಳೆಗಾಲದಲ್ಲಿ ಗೆದ್ದಲು ಎಲ್ಲ ಮುಗಿಸಿತು. ಮರುವರ್ಷ ರೂಪನಗುಡಿಯ ಕೆಂಚಣ್ಣ ಬಂದು, ಕೆಂಪು ಕೇಳಿದರೆ ಬಿಳಿ ಕೊಟ್ಟಿದ್ದೀರಿ ಎಂದು ಓಣಿ ಕೇಳುವಂತೆ ಕೂಗಾಡಿದ. “ಹೆಣ್ಣಿನ ಕೈಗೆ ತೋಟ ಕೊಟ್ರ ಹಿಂಗ,” ಎಂದ ನಮ್ಮಪ್ಪ. ಅಪ್ಪ ಆ ತೋಟಕ್ಕೆ ಕಾಲಿಟ್ಟು ಎಷ್ಟು ದಿನವಾಗಿತ್ತೋ.

ಆ ಸಿಟ್ಟನ್ನೆಲ್ಲ ನಾನು ತಂದು ಸುರಿದದ್ದು ಈ ಚಪ್ಪರದಡಿ. ಗಿಡಕ್ಕೆ ನೀರು ಹಾಕುವ ಝಾರಿಗೆ ಬೆಸುಗೆ ಹಾಕಿಸಲು ಬಂದವಳು, ಯಾವ ಸಾಲಿನಲ್ಲಿ ಯಾವ ಗಿಡ, ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಇಡೀ ತೋಟವನ್ನೇ ಒದರಿದೆ. ಅವನು ತಲೆ ತಗ್ಗಿಸಿ ಬೆಸುಗೆ ಹಾಕುತ್ತಿದ್ದ.

“ತಗಡಿನ ಪಟ್ಟಿ ಮಾಡಿ ಕೊಡ್ರಿ,” ಎಂದೆ.

“ತಗಡು ಎಲ್ಲೈತ್ರಿ? ಕಂಟ್ರೋಲು,” ಎಂದ. ಅಷ್ಟೇ.

ಅಲ್ಲಿಂದ ಮುಂದೆ ಆ ಝಾರಿ ಪದೇ ಪದೇ ಸೋರತೊಡಗಿತು. ಹೇಗೆ ಸೋರಿತು ಎಂದು ಕೇಳಬೇಡಿ, ಮೊಳೆ ನಮ್ಮ ಮನೆಯಲ್ಲೂ ಇತ್ತು. ಸಂತೆಗೆ ಬಂದಾಗಲೆಲ್ಲ ಅದನ್ನು ಎತ್ತಿಕೊಂಡು ಬರುತ್ತಿದ್ದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಝಾರಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗು ಇರುತ್ತಿತ್ತು.

“ಇದಕ್ಕ ಯಾರದೋ ಕಣ್ಣು ಬಿದ್ದಂಗೈತ್ರಿ,” ಎಂದ ಒಂದು ಸಲ.

“ಕಣ್ಣು ಬೀಳೋ ಹಂಗ ಐತೇನ್ರಿ ಅದು?”

“ಝಾರಿನಾ?” ಎಂದು ಕೇಳಿ, ತನ್ನ ಮಾತಿಗೆ ತಾನೇ ಹೆದರಿ, ಕಿವಿಯವರೆಗೆ ಕೆಂಪಾದ. ನನಗೆ ಆ ವಾರ ಪೂರ್ತಿ ಅದೇ ಗುಂಗು.

ಅಷ್ಟರಲ್ಲಿ ಸಿರುಗುಪ್ಪದವರು ಬಂದರು. ಹುಡುಗನ ತಾಯಿ ನನ್ನ ಅಂಗೈ ಹಿಡಿದು ನೋಡಿ, “ಇನ್ನ ಮ್ಯಾಲೆ ಮಣ್ಣು ಮುಟ್ಟೂದು ಬ್ಯಾಡವ್ವ. ನಮ್ಮ ಅಂಗಳ ತುಂಬ ಕಲ್ಲು ಹಾಸೀವಿ, ಒಂದು ಹುಲ್ಲುಕಡ್ಡಿ ಸುದ್ದಾ ಇಲ್ಲ,” ಎಂದರು, ಹೆಮ್ಮೆಯಿಂದ! ಅವರು ಹೋದ ಮೇಲೆ ನಮ್ಮಮ್ಮ ಮಾಬುಬೀಗೆ, “ನನ್ನ ಯಾರೂ ಕೇಳಲೇ ಇಲ್ಲಲ್ಲಮ್ಮಾ?” ಎಂದೆ. “ಹುಡುಗ್ಯಾರನ್ನ ಕೇಳಿ ಯಾರು ಮದಿವಿ ಮಾಡ್ತಾರ?” ಎಂದಳು. ಸಂದೂಕಿನ ಬಣ್ಣ ಹಸಿರಿರಲೋ ಕೆಂಪಿರಲೋ ಎಂದು ಮಾತ್ರ ನನ್ನನ್ನು ಕೇಳಿದರು. ನೋಡಿ, ಎಂಥ ಉಪಕಾರ!

ಈಗ ಬುಟ್ಟಿಯಿಂದ ಒಂದು ಪಟ್ಟಿ ಎತ್ತಿಕೊಂಡೆ. ಬೆರಳು ಕೊಯ್ಯದಂತೆ ಅಂಚು ಮಡಚಿದ್ದ. ಒಂದು ತುದಿ ಚೂಪು ಮಾಡಿದ್ದ. ಮೊಳೆಯಿಂದ ಚುಕ್ಕೆ ಚುಕ್ಕೆಯಾಗಿ ಬಡಿದ ಅಕ್ಷರ: ‘ಬಿಳಿ ಅಂಜೂರ.’ ಅದರ ಕೆಳಗಿನದು ‘ಕೆಂಪು ಅಂಜೂರ.’ ಆಮೇಲೆ ಪೂನಾ ಅಂಜೂರ, ಆಮೇಲೆ ಸಿಹಿ ದಾಳಿಂಬೆ. ಇನ್ನೂರು ಪಟ್ಟಿ, ನಾನು ಅಂದು ಒದರಿದ ಸಾಲಿನ ಪ್ರಕಾರವೇ ಜೋಡಿಸಿದ್ದ. ಒಂದೂ ತಪ್ಪಿರಲಿಲ್ಲ. ನನ್ನ ಎದೆ ತುಂಬಿ ಬಂತು, ಅದರ ಬೆನ್ನಿಗೇ ಸಿಟ್ಟೂ ಉಕ್ಕಿತು.

“ಯಾರನ್ನ ಕೇಳಿ ಕತ್ತರಿಸಿದ್ರಿ?”

“ಯಾರನ್ನೂ ಇಲ್ರಿ.” ಅವನ ಕಣ್ಣು ನೆಲದ ಮೇಲಿತ್ತು. “ಸಂದೂಕಿಗಂತ ನಾಲ್ಕು ಸಲ ಗೆರಿ ಹಾಕಿದ್ನಿ. ಅದರಾಗ ನಿಮ್ಮ ಬಟ್ಟಿ ತುಂಬಿ ಸಿರುಗುಪ್ಪಕ್ಕ ಒಯ್ಯೂದು ಕಣ್ಣ ಮುಂದ ಬಂತು. ಕೈ ಓಡಲಿಲ್ಲ.”

“ಅದಕ್ಕ ಮದಿವಿ ಮುರೀಬೇಕಂತ ಮಾಡಿದ್ರಿ.”

“ಹೌದ್ರಿ.”

“ಅಪ್ಪ ನನ್ನ ಕೇಳದ ಕೂಡಿಸಿದ, ನೀವು ನನ್ನ ಕೇಳದ ಮುರದ್ರಿ. ನಿಮಗೂ ಅವಗೂ ಏನು ಫರಕು? ಸಿರುಗುಪ್ಪದಾವ ನನಗ ಬೇಕಾಗಿದ್ದ ಅಂದ್ರ ಏನ್ಮಾಡ್ತಿದ್ರಿ?”

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟ.

“ತಪ್ಪಾತ್ರಿ,” ಎಂದ. “ನಿಮಗ ಸಂದೂಕನ ಬೇಕಂದ್ರ, ಈ ಇನ್ನೂರಕ್ಕೂ ಬೆಸಿಗಿ ಹಾಕಿ ಕೂಡಿಸಿ ಮಾಡಿ ಕೊಡ್ತೀನಿ. ಹದಿನೈದು ದಿನ ಹಿಡೀತೈತಿ. ಬೇಕೇನ್ರಿ?”

ನನ್ನ ಹತ್ತೊಂಬತ್ತು ವರ್ಷದ ಬಾಳಿನಲ್ಲಿ, ಸಂದೂಕಿನ ಬಣ್ಣ ಬಿಟ್ಟು ಬೇರೆ ಒಂದು ಸಂಗತಿಯನ್ನು ನನಗೆ ಬೇಕೋ ಬೇಡವೋ ಎಂದು ಕೇಳಿದವನು ಅವನೊಬ್ಬನೇ. ಅಳು ಬಂತು. ಅಳುವುದು ಬೇಡವೆಂದು ಅವನನ್ನೇ ಗದರಿದೆ.

“ಬ್ಯಾಡ. ಇನ್ನೊಂದು ಕೇಳೂದೈತಿ, ಅದನ್ನ ಕೇಳ್ರಿ.”

ಆಗ ತಲೆ ಎತ್ತಿದ. ಬೆಸುಗೆಯ ಒಲೆಗೆ ರೆಪ್ಪೆಯ ಕೂದಲು ಅರ್ಧ ಸುಟ್ಟಿತ್ತು, ಕಣ್ಣು ಹೊಗೆಗೆ ಕೆಂಪಾಗಿತ್ತು. ಮೊದಲ ಸಲ ಅವು ನನ್ನ ಮುಖದ ಮೇಲೆ ನಿಂತವು. ನಾನೂ ಕಣ್ಣು ತೆಗೆಯಲಿಲ್ಲ.

“ನನ್ನ ಮದಿವಿ ಆಗ್ತೀರೇನ್ರಿ? ಅಡಿಗಲ್ಲು ಹೊತಗೊಂಡು ನಾನ ಕುರುಗೋಡಿಗೆ ಬರ್ತೀನಿ. ತೋಟ ಬಿಡ್ರಿ ಅನ್ನೂದಿಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಇಬ್ಬರು ಹಿರಿಯರ ಜೊತೆ ಬಂದುಬಿಟ್ಟ. ಪಕ್ಕದ ಅಂಗಡಿಗಳವರೂ ಬಂದು ನೆರೆದರು.

“ಅಪ್ಪ,” ಎಂದೆ, “ನಾ ಸಿರುಗುಪ್ಪಕ್ಕ ಹೋಗೂದಿಲ್ಲ.”

“ನಿನ್ನ ಯಾರು ಕೇಳಿದ್ರೇ?” ಎಂದು ಅಪ್ಪ ಗುಡುಗಿದ.

“ಇವರು ಕೇಳಿದ್ರು.”

ಹಿರಿಯರು ಮುಖಮುಖ ನೋಡಿಕೊಂಡರು. ನಾನು ಬುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ. ಅಪ್ಪ ಹಿಂದೆ ಬಂದ. ಕುರುಗೋಡು ಮುಟ್ಟುವವರೆಗೆ ಒಂದು ಮಾತಿಲ್ಲ, ಆಮೇಲೆ ಎರಡು ತಿಂಗಳೂ ಇಲ್ಲ. ಸಿರುಗುಪ್ಪದವರಿಗೆ ತಿಂಗಳೊಳಗೆ ಸಂದೂಕಿರುವ ಹುಡುಗಿ ಸಿಕ್ಕಳು. ಅವರಿಗೆ ಬೇಕಾಗಿದ್ದದ್ದು ಯಾವುದು ಎಂದು ಇದರಿಂದಲೇ ತಿಳಿಯಿರಿ.

ನಾನು ಪಟ್ಟಿಗಳನ್ನು ಚುಚ್ಚಿದೆ. ಒಂದು ಬೆಳಿಗ್ಗೆ ಅಪ್ಪ ಸಾಲುಗಳ ನಡುವೆ ಬಗ್ಗಿ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತ ಹೋಗುವುದನ್ನು ಕಂಡೆ. ಇಡೀ ತೋಟ ಮುಗಿಸಲು ಬಿಸಿಲೇರಿತು.

“ಹದಿನೇಳು ಥರಾ ಗಿಡ ಅದಾವೇನು ನಮ್ಮ ತೋಟದಾಗ?”

“ಹದಿನೆಂಟು.”

“ನನಗ ಗೊತ್ತಿರಲಿಲ್ಲಲ್ಲ! ಆ ಹುಡುಗಗ ಹೆಂಗ ಗೊತ್ತಾತು?”

“ನಾ ಒಂದು ಸಲ ಹೇಳಿದ್ನಿ. ಮನಸಿಟ್ಟು ನೆನಪಿಟಗೊಂಡ್ರು.”

ಅಪ್ಪ ಬದುವಿನ ಮೇಲೆ ಕೂತ. ರುಮಾಲು ತೆಗೆದು ಮುಖ ಒರೆಸಿಕೊಂಡ. ನನ್ನ ಕಡೆ ನೋಡದೆಯೇ, “ಹಂಗಾರ… ಅವಗ ಬಾ ಅಂತ ಹೇಳಿ ಕಳಸ್ಲೇನವ್ವ?” ಎಂದ. ನನ್ನಪ್ಪ, ನನ್ನನ್ನು ಕೇಳಿದ! ಹೂಂ ಎಂದು ತಲೆ ಆಡಿಸಿದೆ.

ನಿಕಾದ ದಿನ ನಮ್ಮಲ್ಲಿ ಹುಡುಗಿಯನ್ನು ಪರದೆಯ ಈಚೆ ಕೂರಿಸುತ್ತಾರೆ. ಹಿರಿಯರೊಬ್ಬರು ಸಾಕ್ಷಿಗಳ ಜೊತೆ ಬಂದು ಒಪ್ಪಿಗೆ ಇದೆಯೇ ಎಂದು ಮೂರು ಸಲ ಕೇಳುತ್ತಾರೆ. ಎರಡು ಸಲ ಸುಮ್ಮನಿರಬೇಕು. ಮೂರನೆಯದಕ್ಕೆ ಪಕ್ಕದ ಮುದುಕಿಯರು ಹುಡುಗಿಯ ತಲೆಯನ್ನು ಮೆಲ್ಲಗೆ ಅದುಮುತ್ತಾರೆ, ಅದೇ ಒಪ್ಪಿಗೆ.

ಪರದೆಯಾಚೆಯಿಂದ ಮೊದಲ ಸಲ ಕೇಳಿದರು. “ಕಬೂಲ್ ಐತೇನವ್ವ?”

ಮುದುಕಿಯೊಬ್ಬಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಆ ಕೈ ಸರಿಸಿ, “ಕಬೂಲ್ ಐತ್ರಿ!” ಎಂದೆ. ಚಪ್ಪರದಲ್ಲಿ ಕೂತ ಗಂಡಸರಿಗೆಲ್ಲ ಕೇಳಿಸಿತು. ಯಾರೋ ನಕ್ಕರು. ಅಮ್ಮ ನನ್ನ ತೊಡೆ ಚಿವುಟಿದಳು.

“ತಡಿಯವ್ವ,” ಎಂದರು ಹಿರಿಯರು, “ಇನ್ನೂ ಎರಡು ಸಲ ಕೇಳೂದೈತಿ.”

“ಕೇಳ್ರಿ,” ಎಂದೆ. “ಎಷ್ಟು ಸಲ ಬೇಕಾದ್ರೂ ಕೇಳ್ರಿ.”