ಅಣ್ಣನ ಪಾಲಿನ ಜಾಗ

ಆ ಬೆಳಿಗ್ಗೆ, ಮೂರು ದಿನ ಬೀಸಿದ ಬಡಗಣ ಗಾಳಿ ನಿಂತು, ಫ್ರಾನ್ಸಿನ ದಕ್ಷಿಣ ಕರಾವಳಿಯ ನಮ್ಮೂರ ಹಿನ್ನೀರು ಹಾಲಿನಂತೆ ತೆಪ್ಪಗಿತ್ತು. ಹಾವುಮೀನಿನ ಕಾಲ ಶುರುವಾಗುವ ಮೊದಲು ನಾವು ಬೆಸ್ತರು ಚೀಲದಿಂದ ಹೆಸರಿನ ಬಿಲ್ಲೆ ಎತ್ತಿ ಬಲೆಯ ಜಾಗ ಹಂಚಿಕೊಳ್ಳುತ್ತೇವೆ. ಕಳೆದ ಚಳಿಗಾಲದಲ್ಲಿ ಮುಳುಗಿದ, ಹೆಣವೂ ಸಿಗದ ನನ್ನ ಅಣ್ಣ ಫಿರ್ಮೆನ್‌ನ ಬಿಲ್ಲೆ ತೆಗೆದಿಡಲು ಹಿರಿಯ ಬಾರ್ತೆಸ್ ಮರೆತಿದ್ದ. ಆ ದಿನ ಎತ್ತಿದಾಗ ಮೊದಲು ಬಂದದ್ದು ಅದೇ. ಸಿಕ್ಕಿದ್ದು ಕಾಲುವೆ ಬಾಯಿಯ ಒಳ್ಳೆಯ ಜಾಗ.

"ಅವನಿಗ್ಯಾಕಪ್ಪಾ ಜಾಗ? ಮೀನಿನ್ ಜೊತೇನೇ ಇದಾನಲ್ಲ!" ಎಂದು ಯಾರೋ ಚುಡಾಯಿಸಿದರು.

"ಬಾಯ್ಮುಚ್ಚೋ. ಬಿಲ್ಲೆ ಬಂದ್ಮೇಲೆ ಜಾಗ ಅವಂದೇ," ಎಂದ ಬಾರ್ತೆಸ್.

ಬಲೆ ನಾನು ಹಾಕುವುದು, ಅರ್ಧ ಮೀನು ಅತ್ತಿಗೆ ಒದೀಲ್‌ಗೂ ಮಕ್ಕಳಿಗೂ ಎಂದು ಬೆಸ್ತರನ್ನು ಕಾಯುವ ಸಂತ ಪೇತ್ರನ ಪಟದ ಮುಂದೆ ಒಪ್ಪಿಕೊಂಡೆ. ಆದರೂ ಒಂದು ವಾರ ಬುಟ್ಟಿ ತುಂಬಿದಾಗಲೆಲ್ಲ, "ಏನೂ ಬೀಳ್ಲಿಲ್ಲ ಅತ್ತಿಗೆ," ಎಂದೆ.

"ಹೋಗ್ಲಿ ಬಿಡು ಜೂಲ್, ನಾಳೆ ಬೀಳುತ್ತೆ," ಎನ್ನುತ್ತಿದ್ದಳು.

ಎಂಟನೆಯ ಬೆಳಿಗ್ಗೆ ಮಂಜು ಕೊರೆಯುತ್ತಿತ್ತು. ಗೂಟಕ್ಕೆ ನಾನು ಹಾಕಿದ್ದ ಗಂಟನ್ನು ಯಾರೋ ಬಿಚ್ಚಿ, ಎಡಗೈಯವರ ಹಾಗೆ ತಿರುವುಮುರುವಾಗಿ ಸುತ್ತಿ ಬಿಗಿದಿದ್ದರು. ನಮ್ಮೂರಲ್ಲಿ ಹಾಗೆ ಬಿಗಿಯುತ್ತಿದ್ದವನು ಅಣ್ಣನೊಬ್ಬನೇ. ಹಗ್ಗ ಆಗಷ್ಟೇ ಯಾರೋ ಕೈಬಿಟ್ಟಂತೆ ಬೆಚ್ಚಗಿತ್ತು. ನಾನಿನ್ನೂ ಬಲೆ ಎತ್ತಿರಲಿಲ್ಲ; ತಿರುಗಿ ನೋಡಿದರೆ ದೋಣಿಯಲ್ಲಿ ಮೀನು ಎರಡು ಬುಟ್ಟಿಗಳಲ್ಲಿ ಸಮನಾಗಿ ತುಂಬಿತ್ತು. ನಾನು ಒಯ್ದಿದ್ದು ಒಂದೇ ಬುಟ್ಟಿ.

ದೇವರೇ ಎಂದು ಶಿಲುಬೆಯ ಗುರುತು ಮಾಡಿಕೊಂಡು, ಎರಡನ್ನೂ ಒದೀಲ್‌ಳ ಹೊಸ್ತಿಲಲ್ಲಿಟ್ಟೆ. "ಅತ್ತಿಗೆ, ವಾರವೆಲ್ಲಾ ಸುಳ್ಳು ಹೇಳ್ದೆ," ಎಂದೆ.

ಅವಳು ನನಗೆ ಪರಿಚಯವಿಲ್ಲದ ಆ ಬುಟ್ಟಿಯ ಹಿಡಿಗೆ ಬಿಗಿದಿದ್ದ ಅದೇ ಎಡಗೈ ಗಂಟನ್ನು ಬಹಳ ಹೊತ್ತು ಸವರಿದಳು. ಅದನ್ನು ಒಳಗಿಟ್ಟು ಬಂದು, ಇನ್ನೊಂದನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟಳು.

"ಇದು ನಿನ್ನ ಪಾಲು, ತಗೊಂಡ್ಹೋಗು."