ಒತ್ತು ಬೀಳಬೇಕಾದ ಜಾಗ

ಜ್ವೊಲ್ಲೆ ಪಟ್ಟಣದ ಇತಿಹಾಸದಲ್ಲಿ ಆ ಮಾರ್ಚ್ ಬೆಳಗ್ಗೆ ಘೋರವೊಂದು ನಡೆದುಹೋಯಿತು. ಊರಿನ ರೇಡಿಯೊದ ಹೊಸ ವಾರ್ತಾವಾಚಕ ಹಾರ್ಮೆನ್, ಜಲಮಂಡಳಿ ಚುನಾವಣೆಯ ಉದ್ದನೆಯ ಡಚ್ ಹೆಸರನ್ನು ಓದುತ್ತಾ, ಮೊದಲ ತುಂಡಿಗೆ ಕೊಡಬೇಕಾದ ಒತ್ತನ್ನು ನಾಲ್ಕನೆಯದಕ್ಕೆ ಕೊಟ್ಟುಬಿಟ್ಟ.

ಸುದ್ದಿ ಬರೆಯುವ ರೂಲೀನ್ ಬಾಗಿಲು ತಳ್ಳಿ ಒಳನುಗ್ಗಿದಳು.

"ಏನ್ರೀ ಇದು! ಟೋಪಿ ತಲೆಗೆ ಹಾಕೋದು. ನೀವು ಸೊಂಟಕ್ಕೆ ಹಾಕಿದ್ದೀರಿ!"

ಮೇಜು ತಟ್ಟಿ ತೋರಿಸಿದಳು. ಮೊದಲ ಪೆಟ್ಟು ಜೋರು, ಉಳಿದವು ಮೆತ್ತಗೆ. "ವಾ... ತರ್, ಸ್ಖಪ್ಸ್, ವರ್, ಕೀ, ಜಿ, ಙನ್."

"ಇನ್ನೊಂದ್ಸಲ ತಟ್ಟಿ?"

ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು... ರೂಲೀನ್‌ಗೆ ಬೇಡವಾಗಿದ್ದ ಮಾಹಿತಿ!

ಅಂದಿನಿಂದ ದಿನವೂ ಪಾಠ. ದಿನವೂ ತಪ್ಪು. ಕೊನೆಗೆ ಮುಖ್ಯಸ್ಥರು ಗುಡುಗಿದರು: "ಇನ್ನೊಂದು ಸಲ ತಪ್ಪಿದ್ರೆ ಅವನನ್ನ ಮನೆಗೆ ಕಳಿಸ್ತೀನಿ."

ಅವನು ಹೋದರೆ ನಾನು ಬೆಳಗ್ಗೆ ಎದ್ದು ಯಾರನ್ನು ಬೈಯಲಿ? ರೂಲೀನ್ ಅಂದು ಮೇಜನ್ನು ಇನ್ನಷ್ಟು ಜೋರಾಗಿ ತಟ್ಟಿದಳು.

ಶನಿವಾರ ಹಾರ್ಮೆನ್ ತಾಯಿಯ ಹುಟ್ಟುಹಬ್ಬಕ್ಕೆ ಅವಳಿಗೂ ಕರೆ ಬಂತು. ಸುತ್ತ ಕುರ್ಚಿ, ತಲೆಗೊಂದೇ ತುಂಡು ಕೇಕು. ಬಂದವರು ಅಲ್ಲಿನ ರೂಢಿಯಂತೆ ತಾಯಿಗಷ್ಟೇ ಅಲ್ಲ, ಮಗನಿಗೆ, ತಂಗಿಗೆ, ಮನೆಯವರಿಗೆಲ್ಲ ಕೈಕುಲುಕಿ ಅಭಿನಂದನೆ ಹೇಳುತ್ತಿದ್ದರು.

ಹಾರ್ಮೆನ್‌ನ ಯೆನ್ನೆಕೆ ಚಿಕ್ಕಮ್ಮ ರೂಲೀನ್‌ಳ ಕೈಯನ್ನೂ ಹಿಡಿದರು. "ನಿಮ್ಮತ್ತೆ ಹುಟ್ಟುಹಬ್ಬಕ್ಕೆ ಅಭಿನಂದನೆ ಕಣಮ್ಮ!"

"ಯಾ... ಯಾರತ್ತೆ?!"

"ಅಯ್ಯೋ, ಇನ್ನೂ ಹೇಳಿಲ್ವಾ ಈ ಮಹಾರಾಯ? ಮನೇಲಿ ದಿನಾ ನಿನ್ನದೇ ಜಪ!"

ತಾಯಿ ನಕ್ಕರು. "ಜಲಮಂಡಳಿ ಚುನಾವಣೆ ಪದ ಕಲಿಸ್ತಿರೋದು ನೀನೇನಾ? ಇವನಪ್ಪ ಜಲಮಂಡಳೀಲೇ ಕೆಲಸಕ್ಕಿದ್ರು. ಇವನು ತೊಟ್ಟಿಲಲ್ಲೇ ಆ ಪದ ಸರಿಯಾಗಿ ಹೇಳ್ತಿದ್ದ!"

ರೂಲೀನ್ ಕೇಕಿನ ತಟ್ಟೆ ಕುಕ್ಕಿ ಅಡುಗೆಮನೆಗೆ ನಡೆದಳು. ಹಾರ್ಮೆನ್ ಹಿಂದೆಯೇ ಓಡಿಬಂದ.

"ಬೇಕಂತಲೇ ತಪ್ಪು ಹೇಳ್ತಿದ್ರಾ? ಕೆಲಸ ಹೋಗ್ತಿತ್ತಲ್ರೀ!"

"ಸರಿಯಾಗಿ ಹೇಳಿದ್ರೆ ನೀವು ಸ್ಟುಡಿಯೊಗೆ ಬರ್ತಿದ್ರಾ?"

"ಬಾಯಿಬಿಟ್ಟು ಕೇಳೋಕೆ ಏನಾಗಿತ್ತು?"

"ಭಯ." ಅವನು ತಲೆ ತಗ್ಗಿಸಿದ. "ನಿನ್ನನ್ನ ಪ್ರೀತಿಸ್ತೀನಿ ಅನ್ನುವಾಗ ಎಲ್ಲಿ ಒತ್ತು ಕೊಡಬೇಕೋ ಗೊತ್ತಾಗ್ಲಿಲ್ಲ, ರೂಲೀನ್."

ನೀವು ಹೋಗಿ ನೀನು ಬಂದಿತ್ತು. ಅವಳು ಅದನ್ನು ತಿದ್ದಲಿಲ್ಲ.

"ಸೋಮವಾರ ಸರಿಯಾಗಿ ಓದ್ತೀಯಾ?"

"ಆಮೇಲೂ ಬರ್ತೀಯಾ?"

ರೂಲೀನ್ ಅವನ ಕೈ ಹಿಡಿದು ಕುರ್ಚಿಗಳ ನಡುವೆ ಎಳೆದು ತಂದಳು. ಚಿಕ್ಕಮ್ಮನ ಕೈಯನ್ನು ಗಟ್ಟಿಯಾಗಿ ಕುಲುಕಿದಳು.

"ಥ್ಯಾಂಕ್ಸ್ ಚಿಕ್ಕಮ್ಮ. ನಿಮಗೂ ಅಭಿನಂದನೆ, ನಮ್ಮತ್ತೆ ಹುಟ್ಟುಹಬ್ಬಕ್ಕೆ."

ಸೋಮವಾರ ಬೆಳಗಿನ ವಾರ್ತೆಯಲ್ಲಿ ಒತ್ತು ಸರಿಯಾದ ಜಾಗಕ್ಕೆ ಬಿತ್ತು.